‘ಮೆದುವಾ’ ಏರಿದ ಬಕೆಟ್ಟು

ಟ್ರ್ಯಾಕ್ಟರ್ ಲೋಡರಿನ ಬಕೆಟ್ಟು ಏಳದಿದ್ದರೆ ಈಗಿನ ಹುಡುಗರು ಮೊದಲು ಪಂಪು ಬಿಚ್ಚುತ್ತಾರೆ. ನೋಡಿದರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಆ ಪಂಪು ನಿಮಗೇನು ಮಾಡಿತ್ತು? ಅದರ ಬೋಲ್ಟಿಗೆ ಸ್ಪ್ಯಾನರ್ ಹಾಕುವ ಮೊದಲು ಗಾಡಿ ಓಡಿಸುವವನನ್ನು ಒಂದು ಮಾತು ಕೇಳಿದಿರಾ? ಕೇಳಿದ್ದರೆ, ಅವನು ಹೇಳಿದ್ದು ನಿಮಗೆ ಅರ್ಥವಾಯಿತಾ? ಈ ಎರಡನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಯಾರು ಹಾರ ಹಾಕಿದರು ಎನ್ನುವುದನ್ನೆಲ್ಲ ಬರೆದರೆ ನನ್ನ ಹೆಂಡತಿಯೂ ಓದುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗಕ್ಕೆ ಬರುವಂಥದ್ದು ನನ್ನ ಹತ್ತಿರ ಇರುವುದು ಒಬ್ಬ ಮನುಷ್ಯನ ವಿಷಯ. ಅವರು ನನ್ನ ಫೋರ್ಮನ್ ನಂಜುಂಡಯ್ಯನವರು. ನಾನು ಮೆಚ್ಚಿಕೊಳ್ಳುವುದು ಕಡಿಮೆ, ಬೈಯುವುದು ಜಾಸ್ತಿ ಎಂದು ನಮ್ಮ ಮನೆಯವರೇ ಹೇಳುತ್ತಾರೆ. ಹಾಗಿರುವ ನಾನು ಬಾಯ್ತುಂಬ ಹೊಗಳುವುದು ಇವರೊಬ್ಬರನ್ನೇ.

ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವನು. ನಮ್ಮ ಮನೆಯಲ್ಲಿ ರಾಗಿಗೂ ಎಮ್ಮೆ ಹಾಲಿಗೂ ಅಪ್ಪನ ಬೈಗುಳಕ್ಕೂ ಕೊರತೆ ಇರಲಿಲ್ಲ. ಗದ್ದೆ ಕೆಲಸಕ್ಕೆ ನಾನು ಲಾಯಕ್ಕಿಲ್ಲ ಎಂದು ಅಪ್ಪ ತೀರ್ಮಾನ ಮಾಡಿದ ಮೇಲೆ, ಐವತ್ತರ ದಶಕದ ಕೊನೆಯಲ್ಲಿ, ಬಂಗಾರಪೇಟೆಯ ರೈಲ್ವೆ ಗೇಟಿನಿಂದಾಚೆ ಇದ್ದ ಒಂದು ಟ್ರ್ಯಾಕ್ಟರ್ ವರ್ಕ್‌ಶಾಪಿಗೆ ಸೇರಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಚಿನ್ನದ ಗಣಿಗೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ತಮಿಳು. ಯಾವುದನ್ನು ಯಾವಾಗ ಕಲಿತೆವು ಎಂದು ಕೇಳಿದರೆ ನಮ್ಮ ಕಡೆಯವರಿಗೆ ಹೇಳಲು ಬರುವುದಿಲ್ಲ. ಒಂದು ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಹೊರಳಿ ತಮಿಳಿನಲ್ಲಿ ಮುಗಿಯುತ್ತದೆ. ಹೇಳಿದವನಿಗೂ ಕೇಳಿದವನಿಗೂ ಅದರಲ್ಲಿ ವಿಶೇಷ ಕಾಣುವುದಿಲ್ಲ.

ನಂಜುಂಡಯ್ಯನವರು ಮೈಸೂರಿನ ಕಡೆಯವರು. ಡಿಪ್ಲೊಮಾ ಓದಿದವರು. ಬೆಳಿಗ್ಗೆ ಬರುವಾಗ ಖಾಕಿ ಅಂಗಿಯ ಇಸ್ತ್ರಿ ಗೆರೆ ಹೇಗಿರುತ್ತಿತ್ತೋ ಸಂಜೆ ಹೋಗುವಾಗಲೂ ಹಾಗೇ ಇರುತ್ತಿತ್ತು. ಇಡೀ ದಿನ ಗ್ರೀಸಿನ ಮಧ್ಯೆ ಇದ್ದು ಅದನ್ನು ಹೇಗೆ ಸಾಧಿಸುತ್ತಿದ್ದರೋ ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ಜೇಬಿನಲ್ಲಿ ಯಾವಾಗಲೂ ಒಂದು ಬಿಳಿ ಕರ್ಚೀಫು. ಮಾತು ತೂಕದ್ದು, ಕನ್ನಡ ಅಚ್ಚುಕಟ್ಟಾದದ್ದು. ನಾನು ‘ಓಗ್ಬುಟ್ಟು ಬತ್ತೀನಿ ಸಾರ್’ ಎಂದರೆ, ‘ಹೋಗಿ ಬಾ, ಹಕಾರವನ್ನೂ ಕರೆದುಕೊಂಡು ಬಾ’ ಎನ್ನುವರು. ತೆಲುಗು ಅಷ್ಟಿಷ್ಟು ತಿಳಿಯುತ್ತಿತ್ತು. ತಮಿಳು ಒಂದಕ್ಷರ ಬಾರದು. ಬಾರದು ಎಂದು ಒಪ್ಪಿಕೊಳ್ಳುವ ಸ್ವಭಾವವೂ ಅಲ್ಲ. ಯಾರಾದರೂ ತಮಿಳಿನಲ್ಲಿ ಮಾತಾಡಿದರೆ ಗಂಭೀರವಾಗಿ ತಲೆಯಾಡಿಸುವರು.

ಅವರ ಕೆಲಸದ ರೀತಿ ಮಾತ್ರ ಕಣ್ಣಿಗೆ ಒತ್ತಿಕೊಳ್ಳುವಂಥದ್ದು. ಒಂದು ಸಲ ಕಾಮಸಮುದ್ರದ ಕಡೆಯಿಂದ ಒಬ್ಬ ರೈತ ಟ್ರ್ಯಾಕ್ಟರ್ ತಂದ. ಹಿಂದಿನ ನೇಗಿಲು ಏಳುತ್ತಿಲ್ಲ. ಬೇರೆ ಕಡೆ ತೋರಿಸಿದಾಗ ಪಂಪು ಹೋಗಿದೆ ಅಂದಿದ್ದರಂತೆ. ನಾನು ಆಗಲೇ ಸ್ಪ್ಯಾನರ್ ಹಿಡಿದು ನಿಂತಿದ್ದೆ. ಇವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಂಚಿನ ಮೇಲಿಟ್ಟರು. ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು, ತುದಿಯನ್ನು ಆ ಬಿಳಿ ಕರ್ಚೀಫಿಗೆ ಒರೆಸಿದರು. ಎಣ್ಣೆ ಮಜ್ಜಿಗೆಯ ಹಾಗಿತ್ತು. ನೀರು ಸೇರಿದೆ. ಗಾಡಿಯನ್ನು ಎಲ್ಲಿ ತೊಳೆಯುತ್ತೀಯ ಎಂದು ರೈತನನ್ನು ಕೇಳಿದರು.

ಆತ ಸ್ವಲ್ಪವೂ ಅಳುಕದೆ, “ಕೆರೆಯಾಗೆ ಸಾಮಿ, ಎಮ್ಮೆ ಮೈ ತೊಳೀವಾಗ ಜತೇಲೇ ಇಳಿಸ್ತೀನಿ” ಅಂದ.

ಎಣ್ಣೆ ಹಾಕುವ ಬಾಯಿಯ ಮುಚ್ಚಳ ಎಂದೋ ಕಳೆದು ಹೋಗಿತ್ತು. ಎಮ್ಮೆಗೆ ಆಗುವ ಉಪಚಾರ ಟ್ರ್ಯಾಕ್ಟರಿಗೆ ಆಗುವುದಿಲ್ಲ ಎಂದು ಅವನಿಗೆ ತಿಳಿಸಿ ಹೇಳಿ, ನೀರೆಣ್ಣೆ ಚೆಲ್ಲಿ, ಹೊಸ ಎಣ್ಣೆ ಹಾಕಿ ಕಳಿಸಿದೆವು. ಪಂಪಿನ ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಪ್ರೆಶರ್ ಕಡಿಮೆ ಎಂದರೆ ಮೊದಲು ಎಣ್ಣೆಯನ್ನು ನೋಡು, ಆಮೇಲೆ ಪೈಪುಗಳನ್ನು ಕೈಯಿಂದ ಮುಟ್ಟಿ ನೋಡು, ಆಮೇಲೆ ಕಿವಿಗೊಡು, ಗೇಜು ಹಾಕುವುದು ಅದಾದ ಮೇಲೆ, ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ: ಇದು ಅವರ ಪಾಠ. ನಾನು ಆಮೇಲೆ ಎಷ್ಟೋ ಕಡೆ ಕೆಲಸ ಮಾಡಿದೆ, ಎಂತೆಂಥ ದೊಡ್ಡ ಯಂತ್ರಗಳನ್ನು ಮುಟ್ಟಿದೆ. ಇದಕ್ಕಿಂತ ಒಳ್ಳೆಯ ಪಾಠವನ್ನು ಯಾರೂ ಹೇಳಿಕೊಡಲಿಲ್ಲ.

ಇಂಥ ಮನುಷ್ಯನ ಕಿವಿ ಒಂದು ಸಲ ಮೋಸ ಹೋಯಿತು. ಅದರಿಂದ ಒಬ್ಬನ ಅನ್ನಕ್ಕೇ ಕುತ್ತು ಬಂದಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ ನಾಯ್ಡು ಎಂಬ ಕಂಟ್ರಾಕ್ಟರ್ ಇದ್ದ. ಗುಡ್ಡೆ ಬಿದ್ದಿದ್ದ ಕಲ್ಲನ್ನು ಲಾರಿಗೆ ತುಂಬಿಸಿ ರಸ್ತೆ ಕೆಲಸಕ್ಕೆ ಕಳಿಸುವುದು ಅವನ ಗುತ್ತಿಗೆ. ಮೊದಲು ಮಂಕರಿಯಲ್ಲಿ ಹೊರಿಸುತ್ತಿದ್ದವನು, ಟ್ರ್ಯಾಕ್ಟರಿನ ಮುಂದೆ ಬಕೆಟ್ಟು ಕೂರಿಸಿದ ಲೋಡರ್ ತಂದ. ಆ ಕಾಲಕ್ಕೆ ಅದು ನಮ್ಮ ಕಡೆ ದೊಡ್ಡ ಸೋಜಿಗ. ರಾಬರ್ಟ್‌ಸನ್‌ಪೇಟೆಯಿಂದ ಜನ ತಿಂಡಿ ಕಟ್ಟಿಕೊಂಡು ಬಂದು ನೋಡಿ ಹೋಗುತ್ತಿದ್ದರು.

ಅದರ ಡ್ರೈವರ್ ಸವರಿಮುತ್ತು. ಎಲ್ಲರಿಗೂ ಸವರಿ. ಮಾತು ತಮಿಳು, ನಡುನಡುವೆ ನಮ್ಮ ಕಡೆಯ ಕನ್ನಡ. ಮೊದಲು ಗಣಿಯೊಳಗೆ, ಭೂಮಿಯ ಕೆಳಗೆ ಕೆಲಸ ಮಾಡುತ್ತಿದ್ದವನು. ಕಲ್ಲಿನ ಧೂಳು ಎದೆಗೆ ಸೇರಿ ಕೆಮ್ಮು ಹಿಡಿದಿತ್ತು. ಇನ್ನು ಕೆಳಗೆ ಇಳಿಯಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ನಡುವಯಸ್ಸಿನಲ್ಲಿ ಹಟ ಹಿಡಿದು ಡ್ರೈವಿಂಗ್ ಕಲಿತು ಈ ಗಾಡಿ ಹತ್ತಿದ್ದ. ಮಂಕರಿ ಹೊರುವಷ್ಟು ಉಸಿರು ಅವನಲ್ಲಿ ಇರಲಿಲ್ಲ. ಕೂತು ಮಾಡುವ ಈ ಕೆಲಸ ಹೋದರೆ ಅವನಿಗೆ ಬೇರೆ ಕೆಲಸ ಇಲ್ಲ ಎನ್ನುವುದು ಅಲ್ಲಿನ ಎಲ್ಲರಿಗೂ ಗೊತ್ತಿತ್ತು, ನಾಯ್ಡುವಿಗೂ.

ಒಂದು ಬೆಳಿಗ್ಗೆ ಸವರಿ ಮಾರಿಕುಪ್ಪಂ ರೈಲು ಹಿಡಿದು ಬಂಗಾರಪೇಟೆಗೆ ಬಂದ. ನಾನು ಶೆಡ್ಡಿನ ಹಿಂದೆ ಯಾವುದೋ ಗಾಡಿಯ ಕೆಳಗೆ ಮಲಗಿದ್ದೆ. ಅವನು ನೇರ ನಂಜುಂಡಯ್ಯನವರ ಮುಂದೆ ನಿಂತು ಗಾಡಿಯ ತೊಂದರೆ ಹೇಳಿದ. ಅವರು ಎಂದಿನಂತೆ ಗಂಭೀರವಾಗಿ ತಲೆಯಾಡಿಸಿ, ಸರಿ ನೋಡೋಣ ಎಂದು ಕಳಿಸಿದರು. ಅವನು ಹೋದ ಮೇಲೆ ನನ್ನನ್ನು ಕರೆದು, ಲೋಡರಿನ ಬಕೆಟ್ಟು ಮೆತ್ತಗಾಗಿದೆಯಂತೆ, ಎಣ್ಣೆಯಲ್ಲಿ ಗಾಳಿ ಸೇರಿರಬೇಕು, ಹೋಗಿ ಗಾಳಿ ತೆಗೆದು ಬಾ ಎಂದರು.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಬಕೆಟ್ಟನ್ನು ಎತ್ತುವುದು ಎಣ್ಣೆ. ಪಂಪು ಎಣ್ಣೆಯನ್ನು ಒತ್ತುತ್ತದೆ, ಒತ್ತಿದ ಎಣ್ಣೆ ಬಕೆಟ್ಟನ್ನು ಎತ್ತುತ್ತದೆ. ಎಣ್ಣೆಯ ಜೊತೆ ಗಾಳಿ ಸೇರಿದರೆ ಒತ್ತಡ ನಿಲ್ಲುವುದಿಲ್ಲ. ಬಕೆಟ್ಟು ಹತ್ತಿಯ ದಿಂಬಿನ ಹಾಗೆ ಮೆತ್ತಗಾಗಿ ನಡುಗುತ್ತದೆ, ಕುಪ್ಪಳಿಸುತ್ತದೆ. ಗಾಳಿ ಸೇರುವುದು ಸಾಮಾನ್ಯವಾಗಿ ಟ್ಯಾಂಕಿನಲ್ಲಿ ಎಣ್ಣೆ ಇಳಿದು ಹೋದಾಗ. ಎಣ್ಣೆ ಇಳಿದಿದೆಯೋ ಇಲ್ಲವೋ ದಿನಾ ಬೆಳಿಗ್ಗೆ ನೋಡಬೇಕಾದವನು ಡ್ರೈವರ್. ಆದ್ದರಿಂದ ಬಕೆಟ್ಟು ಮೆತ್ತಗಾಗಿದೆ ಎಂದರೆ ಬೊಟ್ಟು ಹೋಗಿ ನಿಲ್ಲುವುದು ಡ್ರೈವರ್ ಕಡೆಗೇ.

ಮಧ್ಯಾಹ್ನ ನಾಯ್ಡು ತಾನೇ ವರ್ಕ್‌ಶಾಪಿಗೆ ಬಂದ. ಏನಾಗಿದೆ ಎಂದು ಕೇಳಿದ. ನಂಜುಂಡಯ್ಯನವರು ಇದ್ದದ್ದನ್ನು ಇದ್ದ ಹಾಗೆ, ಅಂದರೆ ಅವರು ತಿಳಿದುಕೊಂಡ ಹಾಗೆ, ಹೇಳಿದರು: ಗಾಳಿ ಸೇರಿದೆ, ಎಣ್ಣೆ ಇಳಿದಿರಬೇಕು, ಡ್ರೈವರ್ ನೋಡಿಕೊಂಡಿಲ್ಲ. ಒಂದೇ ಒಂದು ವಾಕ್ಯ. ನಾಯ್ಡುವಿಗೆ ಅಷ್ಟು ಸಾಕಾಯಿತು. ಶನಿವಾರ ಬಟವಾಡೆ ಕೊಟ್ಟು ಸವರಿಯನ್ನು ಮನೆಗೆ ಕಳಿಸುವುದಾಗಿ ಅಲ್ಲೇ ಹೇಳಿ ಹೋದ.

ನಾನು ಚಾಂಪಿಯನ್ ರೀಫ್ಸಿಗೆ ಹೋಗಿ ನೋಡಿದರೆ ಟ್ಯಾಂಕಿನಲ್ಲಿ ಎಣ್ಣೆ ಭರ್ತಿಯಾಗಿತ್ತು. ನಾಯ್ಡುವಿಗೆ ಹೇಳಿದೆ. ಅವನು ನಕ್ಕು, “ಅದೇ ನೋಡಯ್ಯಾ ದೊಂಗತನ. ತಪ್ಪು ಗೊತ್ತಾಗ್ತಿದ್ದಂಗೇ ತುಂಬ್ಸಿ ಇಟ್ಟವ್ನೆ” ಎಂದ. ಅಪರಾಧ ಮಾಡಿಲ್ಲ ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಹೀಗೆ ಅಪರಾಧದ ಲೆಕ್ಕಕ್ಕೇ ಸೇರಿಹೋಯಿತು. ಪಂಪಿಗೆ ಎಣ್ಣೆ ಹೋಗುವ ಹೋಸಿನ ಕ್ಲಿಪ್ಪುಗಳನ್ನೆಲ್ಲ ಬಿಗಿ ಮಾಡಿದೆ, ವಾಷರ್ ಬದಲಿಸಿದೆ, ಗಾಳಿ ತೆಗೆಯುವ ಕ್ರಮದಲ್ಲಿ ಖಾಲಿ ಬಕೆಟ್ಟನ್ನು ಏರಿಸಿ ಇಳಿಸಿ ಮಾಡಿದೆ. ಗಾಳಿಯ ಒಂದು ಗುಳ್ಳೆಯೂ ಹೊರಗೆ ಬರಲಿಲ್ಲ. ಬಕೆಟ್ಟು ಮೊದಲು ಹೇಗಿತ್ತೋ ಹಾಗೇ ಇತ್ತು. ತಲೆಯಲ್ಲಿ ಗಾಳಿಯನ್ನೇ ತುಂಬಿಕೊಂಡು ಬಂದಿದ್ದ ನಾನು, ಅದು ನಡುಗುತ್ತದೆಯೋ ಇಲ್ಲವೋ ಎಂದು ನೋಡಲೇ ಇಲ್ಲ.

ಸವರಿ ಹತ್ತಿರದ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ನಾಯ್ಡು ಬೈದ ಮೇಲೆ ಅವನು ಬಾಯಿ ಬಿಟ್ಟಿರಲಿಲ್ಲ. ಸಾಮಾನು ಕಟ್ಟಿಕೊಂಡು ಹೊರಟ ನನ್ನ ಹಿಂದೆ ಬಂದು ಅವನು ಹೇಳಿದ್ದು ಇಷ್ಟೇ: “ತಂಬಿ, ಕೆಳಗೆ ಇಳಿಯಕ್ಕೆ ನನ್ನ ಎದೆ ಬಿಡಾದಿಲ್ಲ. ಮೇಲೂ ಬೇಡ ಅಂದ್ರೆ ನಾ ಎಲ್ಲಿ ಓಗ್ಲಿ?” ರೈಲಿನಲ್ಲಿ ಬರುವಾಗ ಇಡೀ ದಾರಿ ಅದೇ ಮಾತು ಕಿವಿಯಲ್ಲಿತ್ತು.

ನಂಜುಂಡಯ್ಯನವರಿಗೆ ಎಲ್ಲವನ್ನೂ ಹೇಳಿದೆ. ಗಾಳಿ ಬರಲಿಲ್ಲ ಎಂದಾಗ ಹುಬ್ಬು ಗಂಟಿಕ್ಕಿದರು. ಎಣ್ಣೆ ಭರ್ತಿಯಿತ್ತು ಎಂದಾಗ ಕನ್ನಡಕ ತೆಗೆದು ಒರೆಸಿದರು. ಸವರಿ ಹೇಳಿದ್ದನ್ನು ಹೇಳಿದಾಗ, ಶನಿವಾರ ಬೆಳಗಿನ ಮಾರಿಕುಪ್ಪಂ ರೈಲಿಗೆ ಬಾ ಎಂದರು. ಶನಿವಾರ ಬೆಳಿಗ್ಗೆ ನೋಡಿದರೆ ಸ್ಟೇಷನ್ನಿನಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದಾರೆ, ಕೈಯಲ್ಲಿ ಗೇಜಿನ ಪೆಟ್ಟಿಗೆ. ಫೋರ್ಮನ್ ಆದವರು ತಾವೇ ಪೆಟ್ಟಿಗೆ ಹೊತ್ತು ಹೋಗುವುದು ಆ ಕಾಲದಲ್ಲಿ ಇರಲಿಲ್ಲ. ನಾನು ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ.

ಆಷಾಢದ ಗಾಳಿ. ಸೈನೈಡ್ ದಿಬ್ಬಗಳಿಂದ, ಅಂದರೆ ಚಿನ್ನ ತೆಗೆದುಕೊಂಡ ಮೇಲೆ ಸುರಿದ ಹಿಟ್ಟಿನಂಥ ಮರಳಿನ ಗುಡ್ಡೆಗಳಿಂದ, ಧೂಳು ಎದ್ದು ಇಡೀ ಚಾಂಪಿಯನ್ ರೀಫ್ಸನ್ನು ಮುಚ್ಚಿತ್ತು. ಹಲ್ಲಿನ ನಡುವೆ ಕರಕರ ಎನ್ನುತ್ತಿತ್ತು. ನಂಜುಂಡಯ್ಯನವರು ಕರ್ಚೀಫನ್ನು ಮೂಗಿಗೆ ಕಟ್ಟಿಕೊಂಡು ಲೋಡರಿನ ಪಕ್ಕ ಕೂತು ಗೇಜು ಹಾಕಲು ಒಂದು ನಟ್ಟು ಸಡಿಲಿಸುತ್ತಿದ್ದರು. ಕೆಲಸ ನಿಲ್ಲಬಾರದೆಂದು ಅತ್ತ ಕೂಲಿಗಳು ಮಂಕರಿಯಲ್ಲಿ ಕಲ್ಲು ಹೊರುತ್ತಿದ್ದರು. ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು. ಅದರ ಹಿಂದೆ ಸವರಿ ನಿಂತು ಅಂಗೈ ಆಡಿಸುತ್ತಾ ಲಾರಿಯವನಿಗೆ ಕೂಗಿ ಹೇಳುತ್ತಿದ್ದ: “ಮೆದುವಾ... ಮೆದುವಾ ವಾ... ಮೆದುವಾ...”

ನಂಜುಂಡಯ್ಯನವರ ಕೈ ನಿಂತಿತು. ತಿರುಗಿ ಲಾರಿಯ ಕಡೆ ನೋಡಿದರು. ನನ್ನ ಕಡೆ ನೋಡಿದರು.

“ನಾರಾಯಣ, ಏನಂತಿದಾನೆ ಅವನು?”

“ಲಾರಿಯೋನ್ಗೆ ಸಾರ್. ನಿಧಾನ ಬಾ ಅಂತವ್ನೆ.”

“ಮೆದು ಅಂದನಲ್ಲಯ್ಯ?”

“ಮೆದುವಾ ಅಂದ್ರೆ ತಮಿಳಲ್ಲಿ ನಿಧಾನ ಅಂತ ಸಾರ್.”

ಅವರು ಸ್ಪ್ಯಾನರ್ ಕೆಳಗಿಟ್ಟು, ಅವತ್ತು ಸವರಿ ತಮಗೆ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ನನಗೆ ಒಪ್ಪಿಸಿದರು. ನಮ್ಮ ಕನ್ನಡದಲ್ಲಿ ಮೆದು ಎಂದರೆ ಮೆತ್ತಗಿನದು, ಮೃದುವಾದದ್ದು. ಅವತ್ತು ಸವರಿ ವರ್ಕ್‌ಶಾಪಿಗೆ ಬಂದು ಹೇಳಿದ್ದು ‘ಬಕೆಟ್ಟು ಮೆದುವಾ ಏರುದು ಸಾರ್’ ಎಂದು. ಬಕೆಟ್ಟು ನಿಧಾನ ಏಳುತ್ತಿದೆ ಎಂದು ಅವನು ಹೇಳಿದ್ದ. ಬಕೆಟ್ಟು ಮೆದುವಾಗಿದೆ ಎಂದು ಇವರು ಕೇಳಿಸಿಕೊಂಡಿದ್ದರು. ಮೂರು ಭಾಷೆ ಬಂದವನು ನಾನು ಶೆಡ್ಡಿನ ಹಿಂದೆ ಮಲಗಿದ್ದೆ. ನಿಧಾನಕ್ಕೂ ಮೆತ್ತಗಿರುವುದಕ್ಕೂ ಇರುವ ಅಂತರ ನಮ್ಮ ಕೆಲಸದಲ್ಲಿ ಸಣ್ಣದಲ್ಲ. ಮೆತ್ತಗಿದ್ದರೆ ಗಾಳಿ, ಗಾಳಿಯಾದರೆ ಡ್ರೈವರ್ ಹೊಣೆ. ನಡುಗದೆ ನಿಧಾನ ಏಳುತ್ತಿದ್ದರೆ ಒತ್ತಿದ ಎಣ್ಣೆ ಎಲ್ಲೋ ಒಳಗೇ ತಪ್ಪಿಸಿಕೊಂಡು ಹೋಗುತ್ತಿದೆ ಎಂದರ್ಥ. ಅದಕ್ಕೂ ಡ್ರೈವರಿಗೂ ಸಂಬಂಧ ಇಲ್ಲದೆಯೂ ಇರಬಹುದು.

ಅವರು ಎದ್ದು ಸವರಿಯನ್ನು ಕರೆದರು. ಅವನು ಹೆದರಿಕೊಂಡೇ ಬಂದ, ಬಂದವನೇ ಏನೋ ಹೇಳಲು ಹೋದ. ಇವರು ಕೈ ಅಡ್ಡ ಹಿಡಿದು ತಡೆದು, “ಮಾತು ಬೇಡಪ್ಪ. ಬಕೆಟ್ಟು ಹೇಗೆ ಏಳುತ್ತೆ, ಕೈಯಲ್ಲಿ ತೋರಿಸು” ಎಂದರು.

ಸವರಿ ಮೊಣಕೈಯನ್ನು ಸೊಂಟಕ್ಕೆ ಆನಿಸಿಕೊಂಡ. ಅಂಗೈಯನ್ನು ಬಕೆಟ್ಟಿನ ಹಾಗೆ ಮೇಲ್ಮುಖ ಮಾಡಿ, ಮುಂಗೈಯನ್ನು ಎತ್ತತೊಡಗಿದ. ತುಂಬಿದ ಬಿಂದಿಗೆ ಎತ್ತುವವನ ಹಾಗೆ ನಿಧಾನ, ಬಹಳ ನಿಧಾನ. ಆದರೆ ಎಲ್ಲೂ ನಡುಗಲಿಲ್ಲ. ಕುಪ್ಪಳಿಸಲಿಲ್ಲ. ನಂಜುಂಡಯ್ಯನವರು ಆ ಕೈಯನ್ನು ಗೇಜು ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದರು.

ಆಮೇಲೆ ನಡೆದದ್ದನ್ನು ಹುಡುಗರು ಗಮನ ಇಟ್ಟು ಓದಬೇಕು. ಇಂಜಿನ್ ಚಾಲೂ ಮಾಡಿಸಿ, ಬಕೆಟ್ಟಿಗೆ ಕಲ್ಲು ತುಂಬಿಸಿ ಎತ್ತಿಸಿದರು. ಟ್ಯಾಂಕಿಗೆ ಎಣ್ಣೆ ವಾಪಸು ಬರುವ ಪೈಪನ್ನು ಮುಟ್ಟಿದರು, ನನ್ನಿಂದಲೂ ಮುಟ್ಟಿಸಿದರು. ಆಗ ತಾನೇ ಚಾಲೂ ಆಗಿದ್ದರೂ ಸುಡುತ್ತಿತ್ತು. ಭಾರ ಎತ್ತುತ್ತಿರುವಾಗ ಆ ದಾರಿಯಲ್ಲಿ ಎಣ್ಣೆ ಬರಲೇಬಾರದು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ರಿಲೀಫ್ ವಾಲ್ವಿನ ಮೇಲಿಟ್ಟು ಹಿಡಿಗೆ ಕಿವಿ ಕೊಟ್ಟರು. ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ಬಿಟ್ಟು ಗಾಡಿಯನ್ನು ಕಾಪಾಡುವುದು ಈ ವಾಲ್ವಿನ ಕೆಲಸ. ಒಳಗೆ ಒಂದು ಸ್ಪ್ರಿಂಗು, ಅದು ಒತ್ತಿ ಹಿಡಿದಿರುವ ಒಂದು ಉಕ್ಕಿನ ಗುಂಡು. ನಾನೂ ಕಿವಿ ಇಟ್ಟೆ. ಒಲೆಯ ಮೇಲೆ ಹಸಿ ಸೌದೆ ಸುಯ್ಯೆನ್ನುವ ಹಾಗೆ ಸದ್ದು. ಗೇಜು ಹಾಕಿ ನೋಡಿದರೆ ಮುಳ್ಳು ಅರ್ಧ ದಾರಿಗೆ ಬಂದು ನಿಂತಿತು.

ವಾಲ್ವು ಬಿಚ್ಚಿದಾಗ ಗುಂಡು ಮಂಕಾಗಿತ್ತು. ಅದು ಕೂರುವ ಜಾಗದಲ್ಲಿ ಉಗುರಿಗೆ ಸಿಗುವಂಥ ಗೀರುಗಳು. ಎಣ್ಣೆ ತಪ್ಪಿಸಿಕೊಳ್ಳುತ್ತಿದ್ದುದು ಆ ಗೀರುಗಳ ದಾರಿಯಲ್ಲಿ. ನಂಜುಂಡಯ್ಯನವರು ಗುಂಡನ್ನು ಕರ್ಚೀಫಿಗೆ ಒರೆಸಿ ಬೆಳಕಿಗೆ ಹಿಡಿದರು. ಬಟ್ಟೆಯ ಮೇಲೆ ಸಣ್ಣಗೆ ಮಿನುಗಿದ್ದು ಮರಳು. ಎದ್ದು ನಾಯ್ಡುವಿನ ಸಾಮಾನಿನ ಕೊಟ್ಟಿಗೆಗೆ ನಡೆದರು. ಎಣ್ಣೆಯ ಡ್ರಮ್ಮಿನ ಬಿರಡೆ ಇರಲಿಲ್ಲ. ಅದರ ಬಾಯಿಗೆ ಗೋಣಿಚೀಲದ ಚೂರು ತುರುಕಿತ್ತು. ಗೋಣಿಯ ಮೇಲೆ ದಿಬ್ಬದ ಧೂಳು ಬೆರಳು ದಪ್ಪ ಕೂತಿತ್ತು. ಟ್ಯಾಂಕಿನ ಜಾಲರಿ ದಪ್ಪ ಕಸ ಹಿಡಿಯುತ್ತದೆಯೇ ಹೊರತು ಹಿಟ್ಟಿನಂಥ ಮರಳನ್ನು ಹಿಡಿಯುವುದಿಲ್ಲ. ಸವರಿ ದಿನಾ ತಪ್ಪದೆ ಎಣ್ಣೆ ನೋಡಿ ಭರ್ತಿ ಮಾಡುತ್ತಿದ್ದ, ಈ ಡ್ರಮ್ಮಿನಿಂದ.

ಅಷ್ಟರಲ್ಲಿ ನಾಯ್ಡು ಬಟವಾಡೆಗೆ ಬಂದ. ಕೂಲಿಗಳು ಸುತ್ತ ಸೇರಿದ್ದರು. ಹೊಸ ಡ್ರೈವರನ್ನು ಗೊತ್ತು ಮಾಡಿ ಆಗಿದೆ ಎಂದು ಅವನು ಬಂದವನೇ ಹೇಳಿದ. ಸವರಿ ತಲೆ ತಗ್ಗಿಸಿ ನಿಂತ. ನಂಜುಂಡಯ್ಯನವರು ನಾಯ್ಡುವನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳಬಹುದಿತ್ತು. ಹತ್ತು ಜನರ ಮುಂದೆ ಮರ್ಯಾದೆ ಉಳಿಸಿಕೊಳ್ಳುವ ದಾರಿ ಅದು. ಅಷ್ಟೊಂದು ಇಸ್ತ್ರಿ ಗೆರೆಯ ಮನುಷ್ಯ ಹಾಗೇ ಮಾಡುತ್ತಾರೆ ಎಂದು ನಾನೂ ಅಂದುಕೊಂಡೆ.

ಅವರು ಎಲ್ಲರಿಗೂ ಕೇಳುವ ಹಾಗೆ, “ನಾಯ್ಡುಗಳೇ, ಡ್ರೈವರ್ ತಪ್ಪು ಅಂತ ನಾನು ಹೇಳಿದ್ದು ಸುಳ್ಳು” ಎಂದರು.

ನಾಯ್ಡು ತಬ್ಬಿಬ್ಬಾಗಿ, “ಏಮಿ ಸಾರ್ ಇದು, ತಾವೇ ತಾನೆ ಗಾಳಿ ಅಂದಿದ್ದು?” ಎಂದ.

“ನಾನೇ ಅಂದಿದ್ದು. ಇವನು ಸರಿಯಾಗೇ ಹೇಳಿದ್ದ. ನನಗೆ ತಮಿಳು ಬರೋದಿಲ್ಲ. ಬರೋದಿಲ್ಲ ಅಂತ ಬಾಯಿ ಬಿಟ್ಟು ಹೇಳದೆ ತಲೆಯಾಡಿಸಿದೆ.”

ಆಮೇಲೆ ನಾಯ್ಡುವನ್ನು ಡ್ರಮ್ಮಿನ ಹತ್ತಿರ ಕರೆದುಕೊಂಡು ಹೋಗಿ, ತಳದ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಲು ಹೇಳಿದರು. ನಾಯ್ಡು ಉಜ್ಜಿದ. ಇನ್ನೊಂದು ಸಲ ಉಜ್ಜಿದ. ಕರಕರ ಎನ್ನುವುದು ನನಗೆ ನಿಂತಲ್ಲಿಗೆ ಕೇಳಿಸಲಿಲ್ಲ, ಆದರೆ ಅವನ ಮುಖದಲ್ಲಿ ಕಂಡಿತು. ಅವನು ಕೆಟ್ಟವನಲ್ಲ, ದುಡುಕಿನವನು. ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಬಂದು ಸವರಿಯ ಮುಖ ನೋಡದೆ, “ಸೋಮವಾರ ಬೇಗ ಬಾ. ಬಿರಡೆ ತರಿಸ್ತೀನಿ” ಎಂದ. ಅವನಿಂದ ಬರುವ ದೊಡ್ಡ ಮಾತೇ ಅಷ್ಟು.

ನಂಜುಂಡಯ್ಯನವರು ನನ್ನ ಕಿವಿಯ ಹತ್ತಿರ ಬಂದು, ಕ್ಷಮಿಸು ಎನ್ನುವುದಕ್ಕೆ ತಮಿಳಿನಲ್ಲಿ ಏನನ್ನುತ್ತಾರೆ ಎಂದು ಕೇಳಿದರು. ಮನ್ನಿಚ್ಚಿಡು ಎಂದು ಹೇಳಿಕೊಟ್ಟೆ. ಅವರು ಸವರಿಯ ಮುಂದೆ ನೆಟ್ಟಗೆ ನಿಂತು, ಅಚ್ಚುಕಟ್ಟಾಗಿ, ‘ಮಣ್ಣು ಇಚ್ಚಿಡು’ ಎಂದರು. ಅದು ಮಣ್ಣಿನ ವ್ಯವಹಾರದ ಹಾಗೆ ಕೇಳಿಸಿತು. ಸವರಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆ ನೀರು ಪೂರ್ತಿ ಕೆಮ್ಮಿನದಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಟ್ಯಾಂಕು ತೊಳೆದೆವು. ಹೊಸ ಗುಂಡನ್ನು ಗೀರು ತೆಗೆದ ಜಾಗದಲ್ಲಿ ಕೂರಿಸಿ, ಹಿತ್ತಾಳೆಯ ಕಂಬಿ ಇಟ್ಟು ಒಂದೇ ಏಟು ಕೊಟ್ಟು ಹದ ಮಾಡಿದರು. ಹೆಚ್ಚು ಹೊಡೆದರೆ ಕೆಡುತ್ತದೆ, ಕಡಿಮೆ ಹೊಡೆದರೆ ಕೂರುವುದಿಲ್ಲ. ಅಂಥ ಏಟು ಕೊಡುವುದನ್ನು ಕಲಿಯಲು ನನಗೆ ವರ್ಷಗಳು ಹಿಡಿದವು. ಎಣ್ಣೆಯನ್ನು ಹಳೆಯ ಪಂಚೆಯಲ್ಲಿ ಸೋಸಿ ತುಂಬಿದೆವು. ಸವರಿ ಗಾಡಿ ಹತ್ತಿ ಲಿವರ್ ಎಳೆದ. ಬಕೆಟ್ಟು ತುಂಬಿದ ಕಲ್ಲಿನೊಂದಿಗೆ ಒಂದೇ ಸಮನೆ ಮೇಲೆ ಹೋಗಿ ನಿಂತಿತು. ಕೂಲಿಗಳು ಮಂಕರಿ ಕೆಳಗಿಟ್ಟರು.

ಅಂದಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಹೊಸ ಪದ್ಧತಿ ಬಂತು. ತೊಂದರೆಯನ್ನು ಬಾಯಲ್ಲಿ ಹೇಳಿದರೆ ಸಾಲದು, ಕೈಯಲ್ಲಿ ತೋರಿಸಬೇಕು. ಮುಂಗೈ ನಡುಗುತ್ತಾ ಎದ್ದರೆ ಗಾಳಿ. ನಡುಗದೆ ನಿಧಾನ ಎದ್ದರೆ ವಾಲ್ವು ಇಲ್ಲವೇ ಪಂಪು. ಎದ್ದು ನಿಂತು ತಾನಾಗಿ ಇಳಿದರೆ ಸಿಲಿಂಡರಿನ ಪ್ಯಾಕಿಂಗು. ಕನ್ನಡದವನಾಗಲಿ ತೆಲುಗಿನವನಾಗಲಿ ತಮಿಳಿನವನಾಗಲಿ, ಕೈಗೆ ಭಾಷೆಯ ತಂಟೆ ಇಲ್ಲ. ಒಂದು ಸಲ ಒಬ್ಬ ರೈತ ಎದುರಿನ ಟೀ ಅಂಗಡಿಯಲ್ಲೇ ನಿಂತು ತನ್ನ ಟ್ರ್ಯಾಕ್ಟರಿನ ನಡುಕವನ್ನು ಎರಡೂ ಕೈಯಲ್ಲಿ ತೋರಿಸಿ ಅಭ್ಯಾಸ ಮಾಡುತ್ತಿದ್ದ. ಅಂಗಡಿಯವಳು ಮೈಮೇಲೆ ದೇವರು ಬಂತೆಂದು ನಿಂಬೆಹಣ್ಣು ಹುಡುಕಲು ಹೋದಳು. ನಂಜುಂಡಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು.

ಆಮೇಲೆ ಅವರು ತಮಿಳು ಕಲಿಯಲು ಹೊರಟರು. ಸಂಜೆ ನಾನು ಗುರು. ಹಕಾರದ ವಿಷಯದಲ್ಲಿ ನನಗೆ ಕೊಟ್ಟ ಕಾಟಕ್ಕೆಲ್ಲ ಬಡ್ಡಿ ಸಮೇತ ತೀರಿಸಿಕೊಂಡೆ. ಉಚ್ಚಾರಣೆ ಕೊನೆಯವರೆಗೂ ಸರಿಹೋಗಲಿಲ್ಲ. ಆದರೆ ತಿಳಿಯದೆ ತಲೆಯಾಡಿಸುವುದನ್ನು ಬಿಟ್ಟರು. “ತಿಳೀಲಿಲ್ಲ, ಇನ್ನೊಂದು ಸಲ ಹೇಳಪ್ಪ” ಎನ್ನುವರು. ಅದನ್ನು ಹೇಳುವಾಗ ಅವರ ದನಿ ಸ್ವಲ್ಪವೂ ಕುಗ್ಗುತ್ತಿರಲಿಲ್ಲ. ಓದಿದವರಲ್ಲೂ ಓದದವರಲ್ಲೂ ಆ ಮಾತನ್ನು ಅಷ್ಟು ಗತ್ತಿನಿಂದ ಹೇಳುವವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಅರವತ್ತರ ದಶಕ ಮುಗಿಯುತ್ತಾ ಬಂದಾಗ ಅವರು ನಿವೃತ್ತಿಯಾಗಿ ಮೈಸೂರಿಗೆ ಹೊರಟರು. ಬಂಗಾರಪೇಟೆ ಸ್ಟೇಷನ್ನಿಗೆ ನಾವೆಲ್ಲ ಹೋಗಿದ್ದೆವು. ಸವರಿ ಚಾಂಪಿಯನ್ನಿನಿಂದ ರೈಲಿನಲ್ಲಿ ಬಂದಿದ್ದ. ಆಗಲೂ ಅದೇ ಲೋಡರಿನ ಡ್ರೈವರ್. ಮೈ ಇಳಿದಿತ್ತು. ಎದೆಯ ರೋಗ ಗಂಟಲವರೆಗೆ ಏರಿ ದನಿ ಪಿಸುಮಾತಿನಷ್ಟಾಗಿತ್ತು. ನಂಜುಂಡಯ್ಯನವರು ಕಿಟಕಿಯಿಂದ ಬಗ್ಗಿ, ತಮ್ಮ ಅದೇ ಸೊಟ್ಟ ತಮಿಳಿನಲ್ಲಿ, ಹೇಗಿದ್ದೀಯ ಸವರಿ ಎಂದು ಕೇಳಿದರು. ಅವನು ಏನೋ ಹೇಳಿದ. ಇಂಜಿನ್ನು ಹಬೆ ಬಿಟ್ಟ ಸದ್ದಿಗೆ ಪಕ್ಕದಲ್ಲಿದ್ದ ನನಗೂ ಕೇಳಿಸಲಿಲ್ಲ. ರೈಲು ಜಗ್ಗಿ ಹೊರಟಿತು. ಅವರು ಕಿವಿಗೆ ಕೈ ಹಿಡಿದು, ತಿಳಿಯಲಿಲ್ಲ ಎಂದು ತಲೆ ಅಡ್ಡಡ್ಡ ಆಡಿಸಿ, ಕೈಯಲ್ಲಿ ತೋರಿಸು ಎಂದು ಮುಂಗೈ ತಟ್ಟಿದರು.

ಸವರಿ ಮೊಣಕೈಯನ್ನು ಸೊಂಟಕ್ಕೆ ಆನಿಸಿಕೊಂಡ. ಅಂಗೈ ಮೇಲೆ ಮಾಡಿ ಎತ್ತಿದ. ನಿಧಾನ, ಬಹಳ ನಿಧಾನ. ನಡುಗಲಿಲ್ಲ. ನಿಧಾನವಾದರೂ ಮೇಲೆ ಹೋಗಿ ನಿಂತಿತು. ಕೊನೆಯ ಡಬ್ಬಿ ಸಿಗ್ನಲ್ ದಾಟುವವರೆಗೂ ಕಿಟಕಿಯಲ್ಲಿ ಆ ಬಿಳಿ ಕರ್ಚೀಫು ಆಡುತ್ತಿತ್ತು. ಅಲ್ಲಿಯವರೆಗೂ ಸವರಿಯ ಕೈ ಇಳಿಯಲಿಲ್ಲ.